ತಂಬಿಗೆಯ ಕೊರಳಿಗೆ ಕಟ್ಟಿದ ದಾರ

ಇದು ನಡೆದದ್ದು ನನ್ನ ತಾಯಿ ತೀರಿಕೊಂಡ ಇಪ್ಪತ್ತೊಂದನೆಯ ದಿನದಿಂದ ಇಪ್ಪತ್ತಾರನೆಯ ದಿನದವರೆಗೆ, ಬೆಟ್ಟದ ಬಾಗಿಲು ಮುಚ್ಚುವ ವಾರದಲ್ಲಿ.

ಆ ಬೆಟ್ಟಕ್ಕೆ ಒಂದೇ ದಾರಿ. ದಾರಿಯ ಮೇಲೆ ಮೂರು ಊರು. ಮೊದಲನೆಯದು ಹಗ್ಗದ ಊರು, ಎರಡನೆಯದು ಒಲೆಯ ಊರು, ಮೂರನೆಯದು ಬಾಗಿಲಿನ ಊರು. ಬಾಗಿಲೆಂದರೆ ಎರಡು ಶಿಖರಗಳ ನಡುವಿನ ಸಂದು. ಅದರಾಚೆ ಒಂದು ಬುಗ್ಗೆ ಇದೆ. ಅದರ ನೀರು ಮಕ್ಕಳ ಜ್ವರವನ್ನು ಇಳಿಸುತ್ತದೆ ಎಂದು ಬಯಲಿನವರು ನಂಬುತ್ತಾರೆ. ಹಿಮ ಬಿದ್ದ ದಿನ ಬಾಗಿಲು ಮುಚ್ಚುತ್ತದೆ. ಏಳು ತಿಂಗಳು ತೆರೆಯುವುದಿಲ್ಲ.

ಬೆಟ್ಟದ ನಿಯಮ ಒಂದೇ. ಹತ್ತಿದಷ್ಟು ಜನ ಇಳಿಯಬೇಕು.

ಹಗ್ಗದ ಊರಿನಲ್ಲಿ ದಾರಿಗೆ ಅಡ್ಡಲಾಗಿ, ಆಳೆತ್ತರಕ್ಕೆ, ಉಣ್ಣೆಯ ಹಗ್ಗವೊಂದನ್ನು ಕಟ್ಟಿದ್ದಾರೆ. ಹತ್ತುವವರ ಮಣಿಕಟ್ಟಿಗೆ ಒಂದು ಕರಿಯ ದಾರ ಕಟ್ಟುತ್ತಾರೆ. ಅದರ ಜೋಡಿ ದಾರವನ್ನು ಹಗ್ಗಕ್ಕೆ ಕಟ್ಟುತ್ತಾರೆ. ಇಳಿದು ಬಂದಾಗ ಎರಡನ್ನೂ ಕತ್ತರಿಸುತ್ತಾರೆ. ಬಾಗಿಲು ಮುಚ್ಚುವ ದಿನ ಹಗ್ಗ ಬರಿದಾಗಿರಬೇಕು. ಒಂದು ದಾರ ಉಳಿದರೂ ಮರುವರ್ಷ ಬೆಟ್ಟ ದಾರಿ ಬಿಡುವುದಿಲ್ಲ, ಮೂರು ಊರುಗಳೂ ಹಿಮದಡಿಯಲ್ಲೇ ಉಳಿಯುತ್ತವೆ. ಹೀಗೆಂದು ಅವರು ನಂಬುತ್ತಾರೆ. ನಾನು ನಂಬಿರಲಿಲ್ಲ.

ನನಗೆ ಹನ್ನೊಂದು ತಿಂಗಳಾಗಿದ್ದಾಗ ಜ್ವರ ಬಂದು ಕಣ್ಣು ಮೇಲಾಗಿತ್ತಂತೆ. ತಾಯಿ ಓಣಿಯ ಆರು ಹೆಂಗಸರೊಡನೆ ಈ ದಾರಿಯನ್ನು ಹತ್ತಿ, ಬುಗ್ಗೆಯ ನೀರು ತಂದು, ನನ್ನ ಬಾಯಿಗೆ ಬಿಟ್ಟಳಂತೆ. ಇಷ್ಟು ನನಗೆ ಗೊತ್ತಿತ್ತು. ಮೂವತ್ತೊಂಬತ್ತು ವರ್ಷಗಳ ಅನಂತರ, ಸಾಯುವ ಮುನ್ನ, ಅವಳು ಒಂದೇ ಒಂದು ಮಾತು ಹೇಳಿದಳು: "ನದಿಗೆ ಬಿಡಬೇಡ. ಬಾಗಿಲಲ್ಲಿ ಇಡು. ಅಲ್ಲಿ ಯಾರ ತಾಯಿ ಎಂದು ಕೇಳುತ್ತಾರೆ. ನನ್ನ ಹೆಸರು ಹೇಳು." ಆದ್ದರಿಂದ ನಾನು ಅವಳ ಬೂದಿಯನ್ನು ಹಿತ್ತಾಳೆಯ ತಂಬಿಗೆಯಲ್ಲಿ ತುಂಬಿಕೊಂಡು ಹೊರಟೆ. ಆ ಕೆಲಸವನ್ನು ಮುಗಿಸುವುದಷ್ಟೇ ನನಗೆ ಬೇಕಾಗಿದ್ದದ್ದು.

ದಾರ ಕಟ್ಟುವವಳು ಹಗ್ಗದ ಕೆಳಗೆ ಕಲ್ಲಿನ ಮೇಲೆ ಕುಳಿತಿದ್ದಳು. ಅರವತ್ತು ದಾಟಿದ ಹೆಂಗಸು. ಸೊಂಟದಲ್ಲಿ ಕತ್ತರಿ, ಮಡಿಲಲ್ಲಿ ದಾರದ ಉಂಡೆ.

"ಎಷ್ಟು ಜನ?"

"ಒಬ್ಬಳೇ."

"ಬಯಲಿನವರೆಲ್ಲ ಹೀಗೇ ಹೇಳೋದು. ಬರುವಾಗ ಒಬ್ಬರೇ. ಹೋಗುವಾಗ ನೆಗಡಿ, ಕೆಮ್ಮು, ಮಂಡಿನೋವು ಅಂತ ಮೂರು ಜನ ಜೊತೆಗೆ."

ಅವಳು ನನ್ನ ಕೈ ಹಿಡಿದು ದಾರ ಕಟ್ಟಿದಳು. ಹಗ್ಗದ ಮೇಲೆ ಅದರ ಜೋಡಿಯನ್ನು ಕಟ್ಟಿದಳು. ಆ ಹೊತ್ತಿಗೆ ಹಗ್ಗದ ಮೇಲೆ ಬೇರೆ ದಾರವಿರಲಿಲ್ಲ. ಆ ವರ್ಷ ಹತ್ತಿದವರೆಲ್ಲ ಇಳಿದಾಗಿತ್ತು. ಆಮೇಲೆ ಅವಳ ಕೈ ನನ್ನ ಚೀಲವನ್ನು ಮುಟ್ಟಿತು.

"ಇದೇನು, ತುಪ್ಪವಾ?"

"ತಂಬಿಗೆ."

"ತಂಬಿಗೆ ಅನ್ನೋದು ಕೈಗೇ ಗೊತ್ತಾಗುತ್ತೆ ತಾಯಿ. ಒಳಗೆ?"

"ನನ್ನ ತಾಯಿ."

ಅವಳು ಮರುಕ ತೋರಲಿಲ್ಲ. ಉಂಡೆಯಿಂದ ಇನ್ನೊಂದು ಎಳೆ ಎಳೆದಳು. "ಹಾಗಾದರೆ ಇಬ್ಬರು."

"ಬೂದಿಗೂ ದಾರವೇ?"

"ಬೆಟ್ಟ ತಲೆ ಎಣಿಸುತ್ತೆ. ಮುಖ ನೋಡಲ್ಲ. ಉಸಿರಾಡ್ತಿದ್ದಾರಾ ಅಂತಲೂ ಕೇಳಲ್ಲ."

"ಅವಳು ಮತ್ತೆ ಇಳಿಯುವುದಿಲ್ಲ. ಬಾಗಿಲಲ್ಲಿ ಇಟ್ಟು ಹೋಗಲು ಬಂದಿದ್ದೇನೆ."

"ಧಾರಾಳವಾಗಿ ಇಡಿ. ಆದರೆ ಇಬ್ಬರು ಹತ್ತುತ್ತಾ ಇದ್ದೀರಿ. ಇಬ್ಬರು ಇಳಿಯಬೇಕು."

"ಇನ್ನೊಬ್ಬರನ್ನು ಎಲ್ಲಿಂದ ತರಲಿ?"

"ಅದನ್ನ ಮೇಲಿನವರನ್ನ ಕೇಳಿ. ನಾನು ಕಟ್ಟೋಳು, ಕತ್ತರಿಸೋಳು. ತರೋಳಲ್ಲ."

ತಂಬಿಗೆಯ ಕೊರಳಿಗೆ ದಾರ ಬಿತ್ತು. ಅದರ ಜೋಡಿ ಹಗ್ಗದ ಮೇಲೆ ಬಿತ್ತು. ನಾನು ಹಗ್ಗವನ್ನು ದಾಟಿದೆ. ಮೊದಲ ತಿರುವಿನಾಚೆ ಆ ದಾರವನ್ನು ಕಿತ್ತೆಸೆಯಬೇಕೆಂದು ನಿಶ್ಚಯಿಸಿದ್ದೆ. ತಿರುವಿನಾಚೆ ಬಂಡೆಯ ಮೇಲೆ ಕುಳಿತು ತಂಬಿಗೆಯನ್ನು ಹೊರಗೆ ತೆಗೆದೆ. ಗಂಟನ್ನು ನೋಡಿದೆ. ಮೂರು ಸುತ್ತು, ತುದಿಯನ್ನು ಕೆಳಗಿನಿಂದ ಒಳಕ್ಕೆ ಸಿಕ್ಕಿಸಿ ಬಿಗಿದ ಗಂಟು. ಶಾಲೆಗೆ ಹೋಗುವಾಗ ನನ್ನ ಜಡೆಯ ಟೇಪಿಗೆ ತಾಯಿ ಹಾಕುತ್ತಿದ್ದದ್ದು ಇದೇ ಗಂಟು. ತರಗತಿಯಲ್ಲಿ ಬೇರೆ ಯಾರ ಜಡೆಯಲ್ಲೂ ಅದು ಇರಲಿಲ್ಲ. ನಾನು ಗಂಟನ್ನು ಬಿಚ್ಚಲಿಲ್ಲ. ತಂಬಿಗೆಯನ್ನು ಒಳಗಿಟ್ಟು ನಡೆದೆ.

ಮರಗಳು ಸೊಂಟದೆತ್ತರಕ್ಕೆ ಕುಗ್ಗಿದವು, ಆಮೇಲೆ ಮೊಣಕಾಲಿನೆತ್ತರಕ್ಕೆ, ಆಮೇಲೆ ಇಲ್ಲವಾದವು. ದಾರಿ ಕಲ್ಲಾಯಿತು.

ಎರಡನೆಯ ದಿನ ಮಧ್ಯಾಹ್ನ ಒಲೆಯ ಊರನ್ನು ತಲುಪಿದೆ. ಅಲ್ಲಿ ಎಲ್ಲ ಮನೆಗಳಿಗೂ ಸೇರಿ ಒಂದೇ ಒಲೆ. ಅದು ಆರಬಾರದು. ಹತ್ತುವವರು ಅದಕ್ಕೆ ಒಂದು ಉಸಿರು ಊದಿ ಮುಂದೆ ಹೋಗಬೇಕು. ಒಲೆ ಕಾಯುವವನು ಹಲ್ಲಿಲ್ಲದ, ಮಾತು ಬಹಳವಿದ್ದ ಮುದುಕ.

"ಊದಿ ತಾಯಿ, ಊದಿ. ಇದೇನು ಹೂವಿನ ಧೂಳು ಊದಿದ ಹಾಗೆ? ಬಯಲಲ್ಲಿ ಗಾಳಿಗೂ ಬರಗಾಲವಾ?"

ನಾನು ಎರಡನೆಯ ಸಲ ಊದಿದೆ. ಅವನು ತೃಪ್ತನಾಗಿ ಜವೆಗೋಧಿಯ ಹಿಟ್ಟು ತಟ್ಟತೊಡಗಿದ. ಮೊದಲ ರೊಟ್ಟಿ ಬೆಂದ ಕೂಡಲೇ ಅದನ್ನು ನನಗೆ ಕೊಡದೆ, ಎದ್ದು ಹೋಗಿ, ಹೊರಗಿನ ಒಂದು ಚಪ್ಪಟೆ ಕಲ್ಲಿನ ಮೇಲೆ ಇಟ್ಟು ಬಂದ. ಕಲ್ಲು ದಕ್ಷಿಣಕ್ಕೆ, ಬಯಲಿನ ಕಡೆಗೆ, ಇತ್ತು.

"ಕಾಗೆಗೇ?" ಎಂದೆ.

"ಈ ಎತ್ತರಕ್ಕೆ ಕಾಗೆ ಹತ್ತಿ ಬಂದರೆ ಅದಕ್ಕೆ ಎಲೆ ಹಾಕಿ ಬಡಿಸೇನು. ಇದು ಇಳಿದವರ ಪಾಲು."

"ಇಳಿದವರೆಂದರೆ?"

"ನಮ್ಮವರು. ಕೆಳಗೆ ಹೋದವರು."

"ಅವರು ತಿರುಗಿ ಬರುವುದಿಲ್ಲವೇ?"

"ಬಂದರೆ ಎಣಿಕೆ ಕೆಡುತ್ತಲ್ಲ." ಅವನು ಮತ್ತೊಂದು ಉಂಡೆ ಹಿಡಿದ. "ಹೋದವರು ಹಾದಿ ಮರೆಯಬಾರದು ಅಂತ ಪಾಲು. ಬರಲಿ ಅಂತ ಅಲ್ಲ."

ಮಾತಿಗೆ ಮಾತು ಸೇರಿಸುವ ಅಭ್ಯಾಸ ನನಗಿಲ್ಲ. ಆದರೂ ಅಂದು ಹೇಳಿದೆ. ನನ್ನ ತಾಯಿಯೂ ಪ್ರತಿದಿನ ಮೊದಲ ರೊಟ್ಟಿಯನ್ನು ಹಿತ್ತಲಿನ ಗೋಡೆಯ ಮೇಲೆ ಇಡುತ್ತಿದ್ದಳು. ಕೇಳಿದರೆ ಕಾಗೆಗೆ ಎನ್ನುತ್ತಿದ್ದಳು.

ಅವನ ಕೈ ಹಿಟ್ಟಿನಲ್ಲಿ ನಿಂತಿತು. "ಯಾವ ದಿಕ್ಕಿನ ಗೋಡೆ?"

"ಉತ್ತರದ್ದು. ಬೆಟ್ಟ ಕಾಣುವ ಕಡೆ."

ಅವನು ನಗುವುದನ್ನು ಬಿಟ್ಟ. ಎರಡನೆಯ ರೊಟ್ಟಿ ಬೆಂದಿತು. ಅದಕ್ಕೆ ಕೈ ಚಾಚಿದೆ. ಅವನು ನನ್ನ ಕೈಯನ್ನು ಮೆಲ್ಲಗೆ ಸರಿಸಿ, ಚೀಲದಿಂದ ತಂಬಿಗೆಯನ್ನು ತಾನೇ ಹೊರತೆಗೆದು, ಒಲೆಯ ಪಕ್ಕದಲ್ಲಿ ಕೂರಿಸಿ, ರೊಟ್ಟಿಯನ್ನು ಅದರ ಮುಂದೆ ಇಟ್ಟ.

"ತಿನ್ನೇ ಮಗಳೇ," ಎಂದ.

ನಾನು ನೋಡುತ್ತಾ ಕುಳಿತೆ. ಅವನು ನನ್ನ ಕಡೆಗೆ ತಿರುಗಿ, "ನಿಮಗಲ್ಲ ಹೇಳಿದ್ದು," ಎಂದ. "ನಿಮಗೆ ಮೂರನೇದು." ಅದರಾಚೆ ಒಂದು ಮಾತನ್ನೂ ಆಡಲಿಲ್ಲ. ಅಷ್ಟು ಮಾತಿನವನು ಸುಮ್ಮನಾದದ್ದು ನನ್ನನ್ನು ದಾರಿಯುದ್ದಕ್ಕೂ ಹಿಂಬಾಲಿಸಿತು.

ಮೂರನೆಯ ದಿನ ಬಾಗಿಲಿನ ಊರು. ಒಂಬತ್ತು ಮನೆಗಳು, ಒಂಬತ್ತರ ಮುಂದೆಯೂ ದಕ್ಷಿಣಕ್ಕೆ ಒಂದೊಂದು ಚಪ್ಪಟೆ ಕಲ್ಲು. ಎಂಟು ಕಲ್ಲುಗಳು ಬರಿದಾಗಿದ್ದವು. ಒಂಬತ್ತನೆಯದರ ಮೇಲೆ ರೊಟ್ಟಿ ಇತ್ತು. ಅದರ ಪಕ್ಕದಲ್ಲಿ ಒಬ್ಬ ಅಜ್ಜಿ ನಿಂತಿದ್ದಳು. ಅವಳನ್ನು ಬಾಗಿಲಜ್ಜಿ ಎನ್ನುತ್ತಾರೆ; ಬಾಗಿಲಲ್ಲಿ ಯಾರನ್ನು ಬಿಡಬೇಕು, ಯಾರನ್ನು ಬಿಡಬಾರದು ಎಂದು ಹೇಳುವವಳು ಅವಳೇ.

ಅವಳು ನನ್ನ ಮಣಿಕಟ್ಟನ್ನು ನೋಡಿದಳು. ತಂಬಿಗೆಯ ಕೊರಳನ್ನು ನೋಡಿದಳು.

"ಯಾರ ತಾಯಿ?"

"ನನ್ನ ತಾಯಿ," ಎಂದೆ. ಬಳಿಕ, ನನಗೆ ಹೇಳಿ ಕಳುಹಿಸಿದ್ದಂತೆ, ತಾಯಿಯ ಹೆಸರನ್ನು ಹೇಳಿದೆ.

ಅಜ್ಜಿ ಕಲ್ಲಿನ ಅಂಚನ್ನು ಹಿಡಿದುಕೊಂಡು ಕುಳಿತಳು. ಕುಳಿತು ಹೇಳಿದಳು: "ಆ ಹೆಸರಿನವಳು ಇಲ್ಲೇ ಇದ್ದಾಳಲ್ಲ ಮಗಾ."

ಅವಳ ಬೆರಳು ದಾರಿಯ ಪಕ್ಕದ ಒಂದು ಕಲ್ಲುಗುಪ್ಪೆಯನ್ನು ತೋರಿಸಿತು. ಎದೆಯೆತ್ತರದ ಗುಪ್ಪೆ. ಕಲ್ಲುಗಳ ಮೇಲೆ ಹಾಸಿನಂತೆ ಪಾಚಿ ಕಟ್ಟಿತ್ತು. ಒಂದೆರಡು ವರ್ಷದ ಪಾಚಿಯಲ್ಲ.

"ನಿಮಗೆ ಹೆಸರು ತಪ್ಪಿರಬೇಕು," ಎಂದೆ.

"ಹೆಸರು ತಪ್ಪಿಲ್ಲ. ಹೆಸರು ಒಂದೇ. ಆಳು ಇಬ್ಬರು."

ಅವಳು ಹೇಳಿದ್ದನ್ನು ಹೇಳಿದ ಕ್ರಮದಲ್ಲೇ ಬರೆಯುತ್ತೇನೆ. ಮೂವತ್ತೊಂಬತ್ತು ವರ್ಷಗಳ ಹಿಂದೆ ಏಳು ಜನ ಹೆಂಗಸರು ಹತ್ತಿದರು. ಬುಗ್ಗೆಯ ನೀರು ತುಂಬಿಕೊಂಡು ಬಾಗಿಲಿಗೆ ಮರಳುವಾಗ ಏಳನೆಯವಳು ಜಾರಿದಳು. ಕೈಯಲ್ಲಿದ್ದ ನೀರಿನ ಕುಡಿಕೆಯನ್ನು ಮೇಲೆತ್ತಿ ಹಿಡಿದೇ ಬಿದ್ದಳು. ಕುಡಿಕೆ ಉಳಿಯಿತು, ಅವಳು ಉಳಿಯಲಿಲ್ಲ. ಹಿಮ ಬೀಳುವುದಕ್ಕೆ ಎರಡು ದಿನವಿತ್ತು. ಹಗ್ಗದ ಮೇಲೆ ಏಳು ದಾರಗಳಿದ್ದವು.

"ಆರು ಜನ ಅಳ್ತಾ ಕೂತರು," ಎಂದಳು ಅಜ್ಜಿ. "ಅಳ್ತಾ ಕೂರೋಕೆ ಹೊತ್ತಿರಲಿಲ್ಲ. ಏಳನೆಯವಳ ಸೀರೆ ಬಿಚ್ಚಿ ಒಣಗಿಸಿದೆವು. ಊರಲ್ಲಿ ಆ ವಯಸ್ಸಿನ ಹುಡುಗಿಯರು ನಾಲ್ಕು ಜನ. ಸೀರೆ ಯಾರಿಗೆ ಹೊಂದುತ್ತೋ ಅವಳು ಇಳಿಯಲಿ ಅಂದರು."

"ಸೀರೆ ಎಲ್ಲರಿಗೂ ಹೊಂದುತ್ತದೆ," ಎಂದೆ. ಆ ಹೊತ್ತಿನಲ್ಲಿ ನನಗೆ ಹೊಳೆದದ್ದು ಅದೊಂದೇ.

"ಹೌದು. ಎಲ್ಲರಿಗೂ ಹೊಂದಿತು. ಅದಕ್ಕೇ ನನ್ನ ಮಗಳನ್ನ ಕೊಟ್ಟೆ. ಬೇರೆಯವರ ಮಗಳನ್ನ ಕೊಡೋಕೆ ಯಾವ ನೆಪವೂ ಉಳಿದಿರಲಿಲ್ಲ."

ಗಾಳಿ ಕಲ್ಲಿನ ಮೇಲಿದ್ದ ರೊಟ್ಟಿಯನ್ನು ಅಲುಗಿಸಿತು. ಅವಳು ಅದರ ಮೇಲೆ ಅಂಗೈ ಇಟ್ಟಳು.

"ಅವಳನ್ನು ಕೇಳಿದಿರಾ?"

"ಇಲ್ಲ. ಅವಳೇ ಒಂದು ಮಾತು ಕೇಳಿದಳು. ಕೆಳಗೆ ಆ ಕೂಸಿಗೆ ಎಷ್ಟು ತಿಂಗಳು ಅಂತ. ಹನ್ನೊಂದು ಅಂದರು. ಕುಡಿಕೆ ತಗೊಂಡು ಎದ್ದಳು."

ನಾನು ಕೂಗಿಕೊಳ್ಳಲಿಲ್ಲ. ಕೂಗಿಕೊಳ್ಳಬಾರದೆಂದು ನನಗೆ ಕಲಿಸಿದವಳು ತಂಬಿಗೆಯಲ್ಲಿದ್ದಳು. ತಂಬಿಗೆಯನ್ನು ಮಡಿಲಿಗೆ ತೆಗೆದುಕೊಂಡು ನಾನೂ ಕುಳಿತೆ. ತಂದೆ ಅವಳನ್ನು ಒಮ್ಮೆಯೂ ಹೆಸರು ಹಿಡಿದು ಕರೆದವರಲ್ಲ. ಅದು ಮನೆತನದ ರೀತಿಯೆಂದು ತಿಳಿದಿದ್ದೆ. ಅವಳು ಅಂಗಳಕ್ಕೆ ಬಂದರೆ ಓಣಿಯ ಹೆಂಗಸರು ಮಾತು ನಿಲ್ಲಿಸುತ್ತಿದ್ದರು. ಅದು ಅವಳ ಮೇಲಿನ ಗೌರವವೆಂದು ತಿಳಿದಿದ್ದೆ. ಅವಳೊಡನೆ ಇಳಿದ ಆರು ಜನರಲ್ಲಿ ಒಬ್ಬಳು ನನ್ನ ಸೋದರತ್ತೆ. ಒಬ್ಬಳು ನನ್ನನ್ನು ಎರೆದು ಬೆಳೆಸಿದ ಎದುರು ಮನೆಯ ಅಜ್ಜಿ. ಇನ್ನೊಬ್ಬಳು ನನಗೆ ಅಕ್ಷರ ಕಲಿಸಿದ ಟೀಚರಮ್ಮ. ಸುಳ್ಳು ಹೇಳಿದ್ದಕ್ಕೆ ಅಂಗೈಗೆ ಬೆತ್ತದಿಂದ ಹೊಡೆದವಳು. ಊರಿಗೆಲ್ಲ ಗೊತ್ತಿತ್ತು. ಮೂವತ್ತೊಂಬತ್ತು ವರ್ಷ ಎಲ್ಲರೂ ನನ್ನ ಮುಖವನ್ನು ನೋಡಿ ಸುಮ್ಮನಿದ್ದರು.

"ನನ್ನ ತಂದೆ?" ಎಂದೆ.

"ಬಾಗಿಲು ತೆಗೆದನಂತೆ. ಮುಖ ನೋಡಿದನಂತೆ. ನೀರೆಲ್ಲಿ ಅಂತ ಕೇಳಿದನಂತೆ. ಅಷ್ಟೇ. ಮರುವರ್ಷ ಬಂದವರು ಹೇಳಿದರು."

ಅಜ್ಜಿ ತಂಬಿಗೆಗೆ ಕೈ ಚಾಚಿದಳು. ನಾನು ಕೊಡಲಿಲ್ಲ. ಅವಳು ಬಲವಂತ ಮಾಡಲಿಲ್ಲ. ಚಾಚಿದ ಕೈಯನ್ನು ಮಡಿಲಿಗೆ ತಂದುಕೊಂಡು ಕೇಳಿದಳು.

"ನನ್ನನ್ನ ಬೈತಿದ್ದಳಾ?"

"ಬೆಟ್ಟದ ಮಾತನ್ನೇ ಎತ್ತುತ್ತಿರಲಿಲ್ಲ."

ಅವಳು ತಲೆಯಾಡಿಸಿದಳು. "ಹಾಗಾದರೆ ಬೈದಿದ್ದಾಳೆ."

ಬಳಿಕ ಅವಳು ನಿಯಮವನ್ನು ಹೇಳಿದಳು. ನಮ್ಮವಳು ಹತ್ತಿ ಬಂದಿದ್ದಾಳೆ. ನಿಮ್ಮವಳು ಇಳಿಯಬೇಕು. ಆಗ ಹಗ್ಗ ಬರಿದಾಗುತ್ತದೆ.

ನಾನು ಎದ್ದು ನಿಂತೆ. "ಆ ಗುಪ್ಪೆಯಲ್ಲಿರುವವರು ನನಗೆ ಯಾರೂ ಅಲ್ಲ," ಎಂದೆ. ಈಗ ಈ ಮಾತನ್ನು ಬರೆಯುವಾಗ ಕೈ ಹಿಂಜರಿಯುತ್ತದೆ. ಆದರೆ ಹೇಳಿದ್ದು ನಿಜ. "ನನಗೆ ಒಬ್ಬಳೇ ತಾಯಿ. ಅವಳನ್ನು ಅವಳು ಹೇಳಿದಲ್ಲಿ ಇಟ್ಟು ಹೋಗುತ್ತೇನೆ. ಅವಳ ಹೆಸರು ಹೇಳಿ. ಅವಳ ನಿಜವಾದ ಹೆಸರು. ಅದನ್ನು ಹೇಳಿಯೇ ಇಡುತ್ತೇನೆ."

"ಹೇಳೋ ಹಾಗಿಲ್ಲ."

"ನೀವು ಇಟ್ಟ ಹೆಸರಲ್ಲವೇ?"

"ನಾನೇ ಇಟ್ಟದ್ದು. ಮೂವತ್ತೊಂಬತ್ತು ವರ್ಷದಿಂದ ಬಾಯಲ್ಲಿ ಎತ್ತಿಲ್ಲ. ಈ ಊರಲ್ಲಿ ಯಾರೂ ಎತ್ತಿಲ್ಲ. ಬೆಟ್ಟಕ್ಕೆ ನಾವು ತಲೆ ಕೊಟ್ಟಿದ್ದು, ಹೆಸರು ಬೇರೆಯವಳದ್ದು ಕೊಟ್ಟಿದ್ದು. ಇವಳ ಹೆಸರು ಎತ್ತಿದರೆ ಮೋಸ ಬೆಟ್ಟಕ್ಕೆ ತಿಳಿಯುತ್ತೆ. ಆ ಹೆಸರಿನವಳು ಇಳಿದು ಹೋಗಲಿ. ಅವತ್ತು ಎತ್ತುತ್ತೇನೆ. ನೀನೂ ಕೇಳುತ್ತೀ."

"ನಾನು ಒಪ್ಪದಿದ್ದರೆ?"

"ನಿನ್ನ ತಾಯಿ ಬೇರೆಯವಳ ಹೆಸರಲ್ಲೇ ಬೂದಿಯಾಗಿರ್ತಾಳೆ. ಒಂದು ದಾರ ಉಳಿಯುತ್ತೆ. ಆಮೇಲೆ ಊರವರು ಇನ್ನೊಂದು ಹುಡುಗಿಗೆ ಸೀರೆ ಉಡಿಸ್ತಾರೆ."

ಎಂಟನೆಯ ಮನೆಯ ಮುಂದೆ ಒಬ್ಬ ಹುಡುಗಿ ಉಣ್ಣೆ ನೂಲುತ್ತಿದ್ದಳು. ಹತ್ತೊಂಬತ್ತರ ಆಸುಪಾಸಿನ ವಯಸ್ಸು. ನೂಲು ನಿಲ್ಲಿಸದೆ ನನ್ನನ್ನೇ ನೋಡುತ್ತಿದ್ದಳು. ಅವಳ ತಾಯಿ ಹೊರಗೆ ಬಂದು, ಅವಳ ತೋಳು ಹಿಡಿದು, ಒಳಗೆ ಎಳೆದುಕೊಂಡು ಹೋಗಿ ಕದ ಹಾಕಿದಳು. ಕದ ಹಾಕಿದ ಸದ್ದು ನನ್ನನ್ನು ಕದಲಿಸಿತು. ಆ ಸದ್ದನ್ನು ಮೂವತ್ತೊಂಬತ್ತು ವರ್ಷಗಳ ಹಿಂದೆ ಮೂರು ಮನೆಗಳು ಮಾಡಿದ್ದವು. ನಾಲ್ಕನೆಯ ಮನೆ ಮಾಡಿರಲಿಲ್ಲ.

"ಗುಪ್ಪೆ ತೆರೆಯಿರಿ," ಎಂದೆ.

ಊರಿನವರು ಒಂದೊಂದೇ ಕಲ್ಲನ್ನು ತೆಗೆದರು. ಮೂಳೆಗಳು ಬೆಳ್ಳಗೆ, ಒಣಗಿ, ಹಗುರವಾಗಿದ್ದವು. ಎದೆಯ ಭಾಗದಲ್ಲಿ ಒಂದು ಉಣ್ಣೆಯ ಕುಲಾವಿ ಇತ್ತು; ಕೂಸಿನ ತಲೆಯದು. ಬುಗ್ಗೆಯಲ್ಲಿ ಅದ್ದಿ ತಂದು ನೆತ್ತಿಗೆ ತೊಡಿಸಬೇಕೆಂದು ರವಿಕೆಯೊಳಗೆ ಇಟ್ಟುಕೊಂಡು ಹತ್ತಿದ್ದಳಂತೆ. ಅದೊಂದನ್ನು ತೆಗೆಯುವುದಕ್ಕೆ ಆ ದಿನ ಯಾರಿಗೂ ಮನಸ್ಸಾಗಿರಲಿಲ್ಲ. ನಾನು ಅದನ್ನು ಎತ್ತಿಕೊಂಡೆ. ನನ್ನ ಮುಷ್ಟಿಗೆ ಸರಿಯಾಗಿ ಹೊಂದಿತು.

ಇಪ್ಪತ್ತೆರಡು ವರ್ಷಕ್ಕೆ ಸತ್ತ ಒಬ್ಬ ಹೆಣ್ಣು. ನನಗಿಂತ ಹದಿನೆಂಟು ವರ್ಷ ಚಿಕ್ಕವಳು. ಅವಳ ಮುಖವನ್ನು ನೆನೆಯಲು ಪ್ರಯತ್ನಿಸಿದೆ. ನೆನಪಿಗೆ ಬಂದದ್ದು ಇನ್ನೊಬ್ಬಳ ಮುಖ.

ಅಜ್ಜಿ ಈಗ ಮತ್ತೆ ಕೈ ಚಾಚಿದಳು. ನಾನು ತಂಬಿಗೆಯನ್ನು ಕೊಟ್ಟೆ. ಅವಳು ಅದನ್ನು ಕಿವಿಯ ಹತ್ತಿರ ಹಿಡಿದು ಅಲುಗಿಸಿದಳು. ಒಳಗಿನಿಂದ ಏನಾದರೂ ಉತ್ತರ ಬರಬಹುದೆಂಬಂತೆ ಕಾದಳು. ಕೊರಳಿನ ದಾರವನ್ನು ಬಿಚ್ಚಿದಳು. ಮೂರು ಸುತ್ತು, ತುದಿ ಕೆಳಗಿನಿಂದ ಒಳಕ್ಕೆ. ಬೆರಳುಗಳು ನೋಡದೆ ಬಿಚ್ಚಿದವು. ಬೂದಿಯನ್ನು ಗುಪ್ಪೆಯ ಬರಿದಾದ ಜಾಗದಲ್ಲಿ ಸುರಿದು, ಕಲ್ಲಿನ ಮೇಲಿದ್ದ ರೊಟ್ಟಿಯನ್ನು ತಂದು ಅದರ ಪಕ್ಕದಲ್ಲಿ ಇಟ್ಟಳು.

"ಆರಿಹೋಗಿದೆ," ಎಂದಳು ಬೂದಿಗೆ. "ಬಿಸಿ ಇದ್ದಾಗ ನೀನು ಬರಲಿಲ್ಲ."

ಮೂಳೆಗಳನ್ನು ಕಂಬಳಿಯಲ್ಲಿ ಕಟ್ಟಿದರು. ಅದೇ ದಾರವನ್ನು ಕಂಬಳಿಯ ಬಾಯಿಗೆ ಸುತ್ತಿದರು. ಆ ಊರಿನ ಹೆಂಗಸರು ಕೂಸುಗಳನ್ನು ಬೆನ್ನಿಗೆ ಕಟ್ಟಿಕೊಳ್ಳುವಂತೆ ಗಂಟನ್ನು ನನ್ನ ಬೆನ್ನಿಗೆ ಬಿಗಿದರು. ನಾನು ಮಕ್ಕಳನ್ನು ಹೆತ್ತವಳಲ್ಲ. ನನ್ನ ಬೆನ್ನಿನ ಮೇಲೆ ಯಾರೂ ಅದುವರೆಗೆ ಒರಗಿರಲಿಲ್ಲ.

ಎರಡು ದಿನ ಇಳಿದೆ. ಒಲೆ ಕಾಯುವವನು ನನ್ನನ್ನು ದೂರದಿಂದಲೇ ನೋಡಿ, ಎರಡು ರೊಟ್ಟಿಗಳನ್ನು ಹಿಡಿದು ದಾರಿಗೆ ಬಂದ. ಒಂದನ್ನು ನನ್ನ ಕೈಗೆ ಕೊಟ್ಟ, ಒಂದನ್ನು ಕಂಬಳಿಯ ಮಡಿಕೆಯಲ್ಲಿ ಸಿಕ್ಕಿಸಿದ. "ಕೂಸು ಗಟ್ಟಿಯಾಗಿದೆ ಕಣವ್ವಾ," ಎಂದು ಬೆನ್ನಿನ ಗಂಟಿಗೆ ಹೇಳಿದ. "ಅದೇ ಹೊತ್ಕೊಂಡು ಹೋಗ್ತಿದೆ ನಿನ್ನ."

ಹಗ್ಗದ ಊರನ್ನು ತಲುಪಿದಾಗ ಮೊದಲ ಹಿಮ ಬೀಳತೊಡಗಿತ್ತು. ಹಗ್ಗದ ಮೇಲೆ ಎರಡು ದಾರಗಳು ಬಿಳುಪಾಗುತ್ತಿದ್ದವು. ದಾರ ಕಟ್ಟುವವಳು ಕತ್ತರಿ ಹಿಡಿದು ನಿಂತಿದ್ದಳು.

"ಎಷ್ಟು ಜನ?"

"ಇಬ್ಬರು."

"ಇನ್ನೊಬ್ಬರು ಯಾರು?"

ದಾರಿಯುದ್ದಕ್ಕೂ ನಾನು ಈ ಪ್ರಶ್ನೆಗೆ ಬೇರೊಂದು ಉತ್ತರವನ್ನು ಸಿದ್ಧಪಡಿಸಿಕೊಂಡಿದ್ದೆ. ಬಾಯಿಗೆ ಬಂದದ್ದು ಅದಲ್ಲ.

"ನನ್ನ ತಾಯಿ."

ಅವಳು ಮೊದಲು ನನ್ನ ದಾರವನ್ನು, ಆಮೇಲೆ ಕಂಬಳಿಯ ದಾರವನ್ನು, ಆಮೇಲೆ ಹಗ್ಗದ ಮೇಲಿನ ಎರಡನ್ನೂ ಕತ್ತರಿಸಿದಳು. ಹಗ್ಗ ಬರಿದಾಯಿತು.

"ಅವತ್ತು ನಾನು ಹೊಸಬಳು," ಎಂದಳು, ದಾರದ ತುಂಡುಗಳನ್ನು ಮಡಿಲಿಗೆ ಹಾಕಿಕೊಳ್ಳುತ್ತಾ. "ಏಳು ಜನ ಇಳಿದರು. ಏಳನೆಯವಳ ಕಾಲು ಮಾತ್ರ ನೋಡಿದೆ, ಮುಖ ನೋಡಲಿಲ್ಲ. ನೋಡಿದ್ದರೆ ಅವಳು ನನ್ನ ಗೆಳತಿ ಆಗಿಬಿಡ್ತಿದ್ದಳು."

ಹಗ್ಗ ಬರಿದಾಯಿತೆಂದು ಮೇಲಿನ ಊರುಗಳಿಗೆ ತಿಳಿಸಲು ಅವಳು ಹಸಿ ಸೊಪ್ಪಿಗೆ ಬೆಂಕಿ ಇಟ್ಟಳು. ಹೊಗೆ ನೇರವಾಗಿ ಎದ್ದಿತು. ಸ್ವಲ್ಪ ಹೊತ್ತಿಗೆ ಒಲೆಯ ಊರಿನಿಂದ ಹೊಗೆ ಎದ್ದಿತು. ಇನ್ನೂ ಸ್ವಲ್ಪ ಹೊತ್ತಿಗೆ, ಹಿಮದ ನಡುವೆ ಕಂಡೂ ಕಾಣದಂತೆ, ಬಾಗಿಲಿನಿಂದ. ಹಾಗೆಂದರೆ ಅಲ್ಲಿ ಒಬ್ಬ ಮುದುಕಿ ಬಾಯಿ ತೆರೆದಿದ್ದಾಳೆ ಎಂದು ಅರ್ಥ. ದಾರ ಕಟ್ಟುವವಳು ಬೆಟ್ಟದ ಕಡೆಗೆ ಮುಖ ಮಾಡಿ, ಎರಡೂ ಕೈಗಳನ್ನು ಬಾಯಿಗೆ ಹಿಡಿದು, ನನ್ನ ತಾಯಿಯ ಹೆಸರನ್ನು ಕೂಗಿದಳು. ನಾನು ಅದನ್ನು ಮೊದಲ ಸಲ ಕೇಳಿದೆ. ನನಗೆ ಆಗ ನಲವತ್ತು ವರ್ಷ.

ಇದ್ದವರು:
ಹಗ್ಗದ ಊರಿನ ಚೌರಿ.
ಒಲೆಯ ಊರಿನ ಬಿದ್ದಯ್ಯ.
ಬಾಗಿಲಿನ ಊರಿನ ಕೆಂಚವ್ವ.
ನೂಲುತ್ತಿದ್ದ ಹುಡುಗಿ, ಸಣ್ಣಕ್ಕ, ಅವಳು ಇಳಿಯಲಿಲ್ಲ.
ಅಂಬುಜಾಕ್ಷಿ, ಮೂವತ್ತೊಂಬತ್ತು ವರ್ಷ ಕಲ್ಲಿನಡಿಯಲ್ಲಿದ್ದವಳು.
ಬೆಳ್ಳಿ, ಮೂವತ್ತೊಂಬತ್ತು ವರ್ಷ ಅಂಬುಜಾಕ್ಷಿಯಾಗಿದ್ದವಳು.
ಇಬ್ಬರ ಮಗಳು, ವಾರಿಜಾ.